ಜಾಗದ ಹೆಸರು ಕೇಳಬೇಡಿ, ಸೈಟ್ ನಂಬರ್ ಕೇಳಿ

"ಟೆಂಟ್ ಹಾಕೋಕೆ ಒಂದು ಒಳ್ಳೆ ಜಾಗ ಹೇಳು."

ಕ್ಯಾಂಪಿಂಗ್ ಹುಚ್ಚು ಇದೆ ಅಂತ ಗೊತ್ತಾದರೆ ಸಾಕು, ಜನ ಕೇಳುವ ಮೊದಲ ಪ್ರಶ್ನೆ ಇದು. ಮೊದಲೆಲ್ಲ ನಾನು ಹಿಂದೆಮುಂದೆ ನೋಡದೆ ಹೆಸರು ಹೇಳಿಬಿಡುತ್ತಿದ್ದೆ. ದಾರಿ ಬರೆದು ಕೊಡುತ್ತಿದ್ದೆ, ಕೇಳದಿದ್ದರೂ ಫೋಟೊ ಕಳಿಸುತ್ತಿದ್ದೆ. ಆಮೇಲೆ ನನ್ನ ಗೆಳೆಯನೊಬ್ಬ ಹೋಗಿ ಬಂದ.

ನಾನು ಹೇಳಿದ್ದು ಒಂದು ಕೆರೆ ಪಕ್ಕದ ಚಿಕ್ಕ ಪಾರ್ಕ್. ಅವನು ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿದ್ದ. ಸೋಮವಾರ ಬೆಳಿಗ್ಗೆಯೇ ಫೋನ್ ಬಂತು.

"ಎಂಥಾ ಜಾಗಕ್ಕೆ ಕಳಿಸಿದ್ಯೋ ಮಾರಾಯ?"

ಸೊಳ್ಳೆ ಕಾಟ. ಪಕ್ಕದ ಟೆಂಟಿನವರ ಸ್ಪೀಕರ್. ಎದುರಿಗೇ ಇದ್ದ ಶೌಚಾಲಯದ ಬಾಗಿಲು ರಾತ್ರಿಯಿಡೀ ಧಡ್ ಧಡ್. ಸಾಲದ್ದಕ್ಕೆ ಎರಡನೇ ರಾತ್ರಿ ಮಳೆ ಬಂದು ಟೆಂಟಿನ ಕೆಳಗೆ ನೀರು ನುಗ್ಗಿತ್ತು. ಮಕ್ಕಳನ್ನು ಕಾರಿನಲ್ಲಿ ಮಲಗಿಸಿ ಇವರಿಬ್ಬರೂ ಸ್ಟೀರಿಂಗ್ ಎದುರು ಕೂತು ಬೆಳಗು ಮಾಡಿದ್ದರು.

ನನಗೆ ಬೇಜಾರಿಗಿಂತ ಆಶ್ಚರ್ಯವೇ ಜಾಸ್ತಿ ಆಯಿತು. ಅದೇ ಪಾರ್ಕಿನಲ್ಲಿ ನಾನು ಮೂರು ರಾತ್ರಿ ಇದ್ದೆ. ಗೂಬೆಯ ಸದ್ದು ಬಿಟ್ಟರೆ ಬೇರೇನೂ ಕೇಳಿರಲಿಲ್ಲ. ಕೂತು ಯೋಚಿಸಿದಾಗ ಒಂದೊಂದಾಗಿ ಹೊಳೆಯಿತು. ನಾನು ಹೋಗಿದ್ದು ಚಳಿ ಶುರುವಾದ ಮೇಲೆ, ವಾರದ ಮಧ್ಯದಲ್ಲಿ. ಅವನು ಹೋಗಿದ್ದು ಸೆಕೆಗಾಲದ ಕೊನೆಗೆ, ಮೂರು ದಿನ ರಜೆ ಒಟ್ಟಿಗೆ ಸಿಕ್ಕಾಗ. ನನ್ನ ಸೈಟ್ ದಿಬ್ಬದ ಮೇಲಿನ ಕೊನೆಯದು. ಅವನದು ಕೆಳಗೆ, ಎಲ್ಲರೂ ಓಡಾಡುವ ದಾರಿಯಲ್ಲಿ. ಪಾರ್ಕಿನ ಹೆಸರು ಒಂದೇ. ಉಳಿದದ್ದೆಲ್ಲ ಬೇರೆ.

ಸೈಟ್ ಅಂದರೆ ಮನೆ ಕಟ್ಟುವ ಸೈಟ್ ಅಲ್ಲ. ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಟೆಂಟ್ ಹಾಕಲು ಗುರುತು ಮಾಡಿ, ನಂಬರ್ ಕೊಟ್ಟು ಬಿಟ್ಟಿರುವ ತುಂಡು ನೆಲ. ಮನೆಯ ಸೈಟ್ ನೋಡುವಾಗ ನಾವು ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೆ, ಅಲ್ವಾ? ನೀರು ಯಾವ ಕಡೆ ಹರಿಯುತ್ತದೆ, ಬಿಸಿಲು ಯಾವ ಕಡೆಯಿಂದ ಬರುತ್ತದೆ, ಪಕ್ಕದಲ್ಲಿ ಯಾರಿದ್ದಾರೆ. ಅದರ ಹತ್ತನೇ ಒಂದು ಪಾಲು ಈ ತುಂಡು ನೆಲಕ್ಕೂ ಕೆಡಿಸಿಕೊಂಡರೆ ರಾತ್ರಿ ಚೆನ್ನಾಗಿರುತ್ತದೆ.

ಈ ನಂಬರ್ ಪದ್ಧತಿಯ ಹಿಂದೆ ಒಂದು ಕಥೆ ಇದೆ. ಇ. ಪಿ. ಮೈನೆಕಿ ಅಂತ ಒಬ್ಬರಿದ್ದರು. ಪಾರ್ಕ್ ಕಟ್ಟುವ ಎಂಜಿನಿಯರ್ ಅಲ್ಲ, ಗಿಡಮರಗಳ ರೋಗದ ತಜ್ಞ. 1920ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡುಗಳಿಗೆ ಪ್ರವಾಸಿಗರಿಂದ ಏನಾಗುತ್ತಿದೆ ಅಂತ ನೋಡಲು ಅವರನ್ನು ಕೇಳಿಕೊಂಡಿದ್ದರು. ಆಗಷ್ಟೇ ಕಾರುಗಳು ಸಾಮಾನ್ಯರ ಕೈಗೂ ಬಂದಿದ್ದವು. ಜನ ಸಿಕ್ಕ ಸಿಕ್ಕ ಕಡೆ ಕಾರು ನುಗ್ಗಿಸಿ, ಮರದ ಬುಡದಲ್ಲೇ ಟೆಂಟ್ ಹಾಕುತ್ತಿದ್ದರು. ಮರಕ್ಕೆ ಯಾರೂ ಕೊಡಲಿ ಹಾಕಿರಲಿಲ್ಲ. ಆದರೆ ಚಕ್ರ, ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು, ಗಾಳಿ ಹೋಗದಂತಾಗುತ್ತಿತ್ತು. ಪ್ರೀತಿಯಿಂದ ಬಂದವರೇ ಮರಗಳನ್ನು ಸೊರಗಿಸುತ್ತಿದ್ದರು.

ಮೈನೆಕಿ ಹೇಳಿದ ಉಪಾಯ ಸರಳ. ಒಮ್ಮುಖವಾಗಿ ಸುತ್ತಿ ಬರುವ ಒಂದು ರಸ್ತೆ. ಅದರಿಂದ ಒಂದೊಂದು ಕುಟುಂಬಕ್ಕೆ ಒಂದೊಂದು ಪಾರ್ಕಿಂಗ್ ಜಾಗ. ಅದರ ಪಕ್ಕದಲ್ಲೇ ಟೆಂಟ್, ಮೇಜು, ಒಲೆ. ಕಾರು ಮುಂದೆ ಹೋಗದ ಹಾಗೆ ಬಂಡೆಯೋ ದಿಮ್ಮಿಯೋ ಅಡ್ಡ. ನಡುವೆ ಪೊದೆ ಹಾಗೇ ಬಿಟ್ಟರೆ ಪಕ್ಕದವರು ಕಾಣುವುದೂ ಇಲ್ಲ. 1930ರ ದಶಕದಲ್ಲಿ ಅಮೆರಿಕದ ಕ್ಯಾಂಪ್‌ಗ್ರೌಂಡ್‌ಗಳನ್ನು ಹೀಗೆಯೇ ಕಟ್ಟಿದರು. ಇವತ್ತಿಗೂ ಒಂದು ಕ್ಯಾಂಪ್‌ಗ್ರೌಂಡ್‌ನ ನಕ್ಷೆಯಲ್ಲಿ ಕುಣಿಕೆ ಹಾಕಿದ ಹಗ್ಗದಂಥ ರಸ್ತೆ, ಅದರ ಸುತ್ತ ನಂಬರ್‌ಗಳು ಕಂಡರೆ, ಅದು ಮರದ ಬೇರು ನೋಡಿದವರೊಬ್ಬರ ತಲೆಯಿಂದ ಬಂದದ್ದು.

ಆ ನಕ್ಷೆ ಓದುವುದು ನನಗೆ ಒಂದು ಚಟ. ಕುಣಿಕೆಯ ಹೊರಬದಿಯ ಸೈಟ್‌ಗಳು ಒಳಬದಿಗಿಂತ ಒಳ್ಳೆಯವು, ಹಿಂದೆ ಬರೀ ಕಾಡು ಇರುತ್ತದೆ. ಕುಣಿಕೆ ಶುರುವಾಗುವಲ್ಲಿ ಬೇಡ, ಬರುವ ಹೋಗುವ ಕಾರುಗಳ ಬೆಳಕೆಲ್ಲ ನಿಮ್ಮ ಟೆಂಟಿನ ಮೇಲೆ. ಶೌಚಾಲಯದಿಂದ ಮೂರು ನಾಲ್ಕು ಸೈಟ್ ಆಚೆ. ಚಿಕ್ಕ ಮಕ್ಕಳಿದ್ದರೆ ಮಾತ್ರ ಈ ಮಾತು ಬದಲಾಗುತ್ತದೆ. ನಡುರಾತ್ರಿ ಮಗುವನ್ನು ಎತ್ತಿಕೊಂಡು ಕತ್ತಲಲ್ಲಿ ಒಂದು ಸಲ ಓಡಿದವರಿಗೆ ಬಾಗಿಲಿನ ಧಡ್ ಧಡ್ ಕೂಡ ಹಿತವಾಗಿಯೇ ಕೇಳಿಸುತ್ತದೆ.

ನಕ್ಷೆಯಲ್ಲಿ ಕಾಣದ್ದು ನೆಲದ ಏರಿಳಿತ. ಅದನ್ನು ನನಗೆ ಕಲಿಸಿದ್ದು ಒಂದು ಹುಲ್ಲಿನ ತಗ್ಗು.

ಸಂಜೆ ಹೊತ್ತು ತಲುಪಿದ್ದೆ. ಇಳಿಜಾರಿನ ಮೇಲೆ ನಾಲ್ಕೈದು ಟೆಂಟ್ ಇದ್ದವು. ಕೆಳಗೆ, ತೊರೆ ಪಕ್ಕ, ಹಾಸಿಗೆ ಹಾಸಿದ ಹಾಗೆ ಮೆತ್ತಗಿನ ಹುಲ್ಲು. ಒಬ್ಬರೂ ಇಲ್ಲ. ನನ್ನ ಅದೃಷ್ಟ ಅಂದುಕೊಂಡೆ. ಇಷ್ಟು ಚೆಂದದ ಜಾಗ ಖಾಲಿ ಯಾಕಿದೆ ಅಂತ ಒಂದು ನಿಮಿಷ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಗೂಟಗಳು ಬೆಣ್ಣೆಗೆ ಚಾಕು ಇಳಿದ ಹಾಗೆ ನೆಲಕ್ಕಿಳಿದವು. ಅದನ್ನೂ ಒಳ್ಳೇದು ಅಂತಲೇ ತಿಳಿದೆ.

ರಾತ್ರಿ ಎರಡರ ಹೊತ್ತಿಗೆ ಮೂಗು ಮರಗಟ್ಟಿ ಎಚ್ಚರವಾಯಿತು. ಎದ್ದು ಕೂರಲು ಹೋದರೆ ತಲೆ ಟೆಂಟಿನ ಬಟ್ಟೆಗೆ ತಾಗಿ ತಣ್ಣನೆ ಹನಿಗಳು ಕತ್ತಿನೊಳಗೆ ಇಳಿದವು. ಮಳೆ ಬಂದಿರಲಿಲ್ಲ. ಆಕಾಶ ಕನ್ನಡಿ ಥರ ತಿಳಿಯಾಗಿತ್ತು. ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ಒದ್ದೆ. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು? ಬೆಳಕು ಹರಿದ ಮೇಲೆ ಹೊರಗೆ ಬಂದರೆ ಟೆಂಟಿನ ಮೇಲ್ಹೊದಿಕೆ ಹಪ್ಪಳದ ಥರ ಗರಿಗರಿ, ಹಿಮ ಕಟ್ಟಿತ್ತು. ನಡುಗುತ್ತಾ ಮೇಲೆ ಹತ್ತಿದೆ. ಐವತ್ತು ಹೆಜ್ಜೆ ಹತ್ತುವಷ್ಟರಲ್ಲಿ ಮುಖಕ್ಕೆ ಗಾಳಿ ಬೆಚ್ಚಗೆ ತಾಗಿತು. ಮೇಲಿನ ಟೆಂಟುಗಳು ಒಣಗಿಕೊಂಡಿದ್ದವು. ಅಲ್ಲೊಬ್ಬ ಅಜ್ಜ ಕಾಫಿ ಕಾಯಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ನಕ್ಕು, ಏನೂ ಕೇಳದೆ ಒಂದು ಲೋಟ ಕೊಟ್ಟರು. ಸಂಜೆ ನಾನು ಗೂಟ ಹೊಡೆಯುವುದನ್ನು ಅವರು ನೋಡಿರಬೇಕು. ಆಗಲೇ ಹೇಳಬಹುದಿತ್ತಲ್ಲ ಅಂತ ಇವತ್ತಿಗೂ ಸಣ್ಣ ಸಿಟ್ಟಿದೆ.

ಆಗಿದ್ದು ಇಷ್ಟೇ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಭಾರವಾದ ಗಾಳಿ ನೀರಿನ ಹಾಗೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಾನು ಮಲಗಿದ್ದು ಕಣ್ಣಿಗೆ ಕಾಣದ ಒಂದು ಕೆರೆಯ ತಳದಲ್ಲಿ. ಇನ್ನು ಹನಿಗಳಲ್ಲಿ ಒಂದಷ್ಟು ನನ್ನವೇ. ಮಲಗಿದವನ ಉಸಿರು, ಬೆವರು ಸೇರಿ ರಾತ್ರಿ ಬೆಳಗಾಗುವುದರೊಳಗೆ ಒಂದು ಲೋಟದಷ್ಟಾದರೂ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಚಳಿ ಅಂತ ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿದ್ದೆನಲ್ಲ, ಅದು ಬಟ್ಟೆಗೆ ತಾಗಿ ಹನಿಯಾಗಿ ನನ್ನ ಮೇಲೇ ವಾಪಸ್ ಬಿತ್ತು. ಎಷ್ಟೇ ಚಳಿ ಇರಲಿ, ಮೇಲೊಂದು ಕೆಳಗೊಂದು ಕಿಂಡಿ ತೆರೆದಿಡಿ.

ಅಂದಿನಿಂದ ತಗ್ಗು ಬಿಟ್ಟು ಸ್ವಲ್ಪ ಮೇಲೆ, ಆದರೆ ಗಾಳಿ ಬಡಿಯುವ ನೆತ್ತಿಗಿಂತ ಕೆಳಗೆ ಜಾಗ ಹುಡುಕುತ್ತೇನೆ. ಮರದ ನೆರಳಿದ್ದರೆ ಇಬ್ಬನಿ ಇನ್ನೂ ಕಡಿಮೆ. ಆದರೆ ಮರದ ಕೆಳಗೆ ಹೋದಾಗ ಮೊದಲು ಕತ್ತೆತ್ತಿ ನೋಡಬೇಕು. ಒಣಗಿ ನೇತಾಡುವ ಕೊಂಬೆ ಇದ್ದರೆ ಟೆಂಟ್ ಅಲ್ಲಿ ಬೇಡವೇ ಬೇಡ. ಕೆಲವು ಮರಗಳು ಗಾಳಿಯೇ ಇಲ್ಲದಾಗಲೂ ಹಸಿ ಕೊಂಬೆಯನ್ನು ಕಳಚಿ ಹಾಕುತ್ತವೆ. ಆಸ್ಟ್ರೇಲಿಯಾದ ಮರ್ರೆ ನದಿಯ ದಡದಲ್ಲಿ ಬೆಳೆಯುವ ರಿವರ್ ರೆಡ್ ಗಮ್ ಅನ್ನುವ ನೀಲಗಿರಿ ಜಾತಿಯ ಮರ ಇದಕ್ಕೇ ಹೆಸರುವಾಸಿ. ನೆರಳು ಸೊಗಸು, ನದಿ ಎದುರಿಗೆ. ಆದರೂ ಅದರ ಕೆಳಗೆ ಟೆಂಟ್ ಹಾಕಬೇಡಿ ಅಂತ ಅಲ್ಲಿನ ಪಾರ್ಕ್‌ನವರು ಹೇಳುತ್ತಲೇ ಇರುತ್ತಾರೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ನಿಜ. ಆದರೆ ದೊಣ್ಣೆ ಕೆಳಗೆ ಹೋಗಿ ಮಲಗುವುದು ಯಾಕೆ?

ನೀರಿನ ಪಕ್ಕದ ಸೈಟ್ ಎಲ್ಲರಿಗೂ ಬೇಕು. ನನಗೆ ನೀರಿನ ಸದ್ದು ಬೇಕು, ನೀರು ಬೇಡ. ತೊರೆಯ ಸದ್ದಿನಲ್ಲಿ ಪಕ್ಕದವರ ಗೊರಕೆ, ಮಾತು ಎಲ್ಲ ಮುಳುಗಿಹೋಗುತ್ತದೆ. ಅದಕ್ಕೆ ದಡದಲ್ಲೇ ಮಲಗಬೇಕಿಲ್ಲ. ಸೈಟ್ ಗುರುತು ಮಾಡಿರದ ಕಾಡಿನಲ್ಲಾದರೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಅನ್ನುವುದು ಹಲವು ಕಡೆ ಪಾಲಿಸುವ ಅಳತೆ. ಮಲಕ್ಕೆ ಗುಂಡಿ ತೋಡುವುದಿದ್ದರೂ ಅಷ್ಟೇ ದೂರ, 15ರಿಂದ 20 ಸೆಂಟಿಮೀಟರ್ ಆಳ. ನೀರು ಕುಡಿಯಲು ರಾತ್ರಿ ಬರುವ ಪ್ರಾಣಿಗಳಿಗೂ ದಾರಿ ಬಿಟ್ಟ ಹಾಗಾಗುತ್ತದೆ. ಒಣಗಿದ ಹಳ್ಳದ ಮರಳು ಮಾತ್ರ ಎಷ್ಟೇ ಸಮತಟ್ಟಾಗಿರಲಿ, ಅದರಲ್ಲಿ ಮಲಗಬೇಡಿ. ಮಳೆ ನಿಮ್ಮ ತಲೆಯ ಮೇಲೇ ಬರಬೇಕಂತಿಲ್ಲ, ಮೇಲೆಲ್ಲೋ ಬೆಟ್ಟದಲ್ಲಿ ಬಂದರೂ ಸಾಕು.

ಸಮತಟ್ಟು ಅಂದೆನಲ್ಲ, ಕಣ್ಣನ್ನು ನಂಬಬಾರದು. ನೆಲಹಾಸು ಹಾಸಿ ಅದರ ಮೇಲೆ ತುಂಬಿದ ನೀರಿನ ಬಾಟಲಿಯನ್ನು ಅಡ್ಡ ಮಲಗಿಸುತ್ತೇನೆ. ಉರುಳಿದರೆ ಆ ಕಡೆ ಇಳಿಜಾರು. ತಲೆ ಮೇಲೆ, ಕಾಲು ಕೆಳಗೆ ಬರುವ ಹಾಗೆ ಟೆಂಟ್ ತಿರುಗಿಸುವುದು. ಪಕ್ಕಕ್ಕೆ ಇಳಿಜಾರಿದ್ದರೆ ಇಬ್ಬರು ಮಲಗಿದವರು ಬೆಳಿಗ್ಗೆ ಒಂದೇ ಮೂಲೆಯಲ್ಲಿ ಎದ್ದಿರುತ್ತಾರೆ. ಮದುವೆಯಾಗಿ ಎಷ್ಟು ವರ್ಷ ಆಯಿತು ಅನ್ನುವುದರ ಮೇಲೆ ಅದು ಒಳ್ಳೆಯದೋ ಕೆಟ್ಟದ್ದೋ.

ಇಷ್ಟೆಲ್ಲ ಹೇಳಿದ ಮೇಲೂ "ಸರಿ, ಯಾವ ಪಾರ್ಕ್ ಹೇಳು" ಅಂತ ಬಿಡದೆ ಕೇಳುವವರಿಗೆ ನನ್ನ ಉತ್ತರ ಒಂದೇ: ನಿಮಗೆ ಹತ್ತಿರದ, ಯಾರೂ ಮಾತಾಡದ ಚಿಕ್ಕ ಪಾರ್ಕ್. ಅರ್ಧ ದಿನದೊಳಗೆ ಹೋಗಿ ಮುಟ್ಟುವಂಥದ್ದು. ಇದನ್ನು ಕೇಳಿ ಹೆಚ್ಚಿನವರ ಮುಖ ಬಾಡುತ್ತದೆ. ದೂರದ ಬೆಟ್ಟ ನುಣ್ಣಗೆ ಅಲ್ವಾ? ಅವರ ತಲೆಯಲ್ಲಿರುವುದು ಕ್ಯಾಲೆಂಡರಿನ ಚಿತ್ರ. ಹೆಸರಾದ ಪಾರ್ಕುಗಳಿಗೆ ತಿಂಗಳುಗಟ್ಟಲೆ ಮೊದಲೇ ಬುಕಿಂಗ್ ಮಾಡಬೇಕು. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಂಥ ಪಾರ್ಕಿನಲ್ಲಿ ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಸೈಟ್‌ಗಳು ಮುಗಿದುಹೋಗುತ್ತವೆ. ಅಷ್ಟು ಕಷ್ಟಪಟ್ಟು ತಗೊಂಡ ಮೇಲೆ ಮಳೆ ಬಂದರೂ, ಮಗುವಿಗೆ ಜ್ವರ ಬಂದರೂ ಬಿಡುವ ಮನಸ್ಸಾಗುವುದಿಲ್ಲ. ಹತ್ತಿರದ ಪಾರ್ಕಾದರೆ ಹಾಗಲ್ಲ. ಸರಿಹೋಗದಿದ್ದರೆ ಗಂಟುಮೂಟೆ ಕಟ್ಟಿ ಮನೆಗೆ ಬರಬಹುದು. ಮುಂದಿನ ತಿಂಗಳು ಮತ್ತೆ ಹೋಗಬಹುದು. ಒಂದೇ ಜಾಗವನ್ನು ನಾಲ್ಕು ಕಾಲದಲ್ಲಿ ನೋಡಿದವರಿಗೆ ಯಾವ ಸೈಟಿಗೆ ಬೆಳಗಿನ ಬಿಸಿಲು ಮೊದಲು ಬೀಳುತ್ತದೆ ಅನ್ನುವುದು ಗೊತ್ತಿರುತ್ತದೆ. ಚಳಿಯಲ್ಲಿ ಅದು ವರ. ಸೆಕೆಯಲ್ಲಿ ಅದೇ ಸೈಟಿನ ಟೆಂಟ್ ಎಂಟು ಗಂಟೆಗೆಲ್ಲ ಬೇಯಿಸುವ ಪಾತ್ರೆ.

ಯೊಸೆಮಿಟಿಯ ಮಾತು ಬಂತಲ್ಲ, ಅಲ್ಲಿಯ ಕ್ಯಾಂಪ್ 4ರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಜಗತ್ತಿನ ಅತಿ ಹೆಸರಾದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಒಂದು ಅದು. ನನ್ನ ಲೆಕ್ಕದ ಪ್ರಕಾರ ನೋಡಿದರೆ ಒಂದರಲ್ಲೂ ಪಾಸಾಗುವುದಿಲ್ಲ. ಧೂಳು, ಗಲಾಟೆ. ಒಂದೊಂದು ಸೈಟಿನಲ್ಲಿ ಗುರುತು ಪರಿಚಯ ಇಲ್ಲದವರ ಜೊತೆ ಹಂಚಿಕೊಂಡು ಮಲಗಬೇಕು. ಆದರೆ ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಎಲ್ ಕ್ಯಾಪಿಟನ್‌ನಂಥ ಬಂಡೆಗಳನ್ನು ಹತ್ತಿದವರು ಉಳಿದುಕೊಂಡಿದ್ದು, ಹಗ್ಗ ಬಿಡಿಸುತ್ತಾ ಮಾತಾಡಿದ್ದು, ಹೊಸ ಸಲಕರಣೆ ಪ್ರಯತ್ನಿಸಿದ್ದು ಎಲ್ಲ ಇಲ್ಲೇ. 1997ರ ಜನವರಿಯಲ್ಲಿ ಮರ್ಸೆಡ್ ನದಿಗೆ ಪ್ರವಾಹ ಬಂದು ಕಣಿವೆಯ ವಸತಿಗಳು ಹಾಳಾದವು. ಆಮೇಲೆ ಕ್ಯಾಂಪ್ 4ರ ಪಕ್ಕ ಹೊಸ ಕಟ್ಟಡ ಕಟ್ಟುವ ಯೋಜನೆ ಬಂತು. ಬಂಡೆ ಹತ್ತುವವರು ಕೋರ್ಟಿಗೆ ಹೋದರು. ಕೊನೆಗೆ 2003ರಲ್ಲಿ ಆ ಧೂಳಿನ ನೆಲ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಅಲ್ಲಿನ ಒಂದು ದೊಡ್ಡ ಬಂಡೆಯ ಮೇಲೆ ಚಾಕ್‌ನಲ್ಲಿ ಬರೆದ ಮಿಂಚಿನ ಗುರುತೊಂದಿದೆ. ಅಲ್ಲಿಂದ ಮೇಲೆ ಹತ್ತುವ ದಾರಿಯನ್ನು 1978ರಲ್ಲಿ ಮೊದಲು ಹತ್ತಿದರು. ಆಮೇಲೆ ಎಷ್ಟು ಕೈಗಳು ಜಾರಿವೆಯೋ.

ನನ್ನ ಗೆಳೆಯನನ್ನು ಕುಟುಂಬ ಸಮೇತ ಕ್ಯಾಂಪ್ 4ಕ್ಕೆ ಕಳಿಸಿದರೆ ಸೋಮವಾರ ಬೆಳಿಗ್ಗೆ ಮತ್ತೆ ಫೋನ್ ಗ್ಯಾರಂಟಿ.

ನಕ್ಷತ್ರ ನೋಡಲು ಹೋಗುವವರು ಬೇರೆಯೇ ಜಾತಿ. ಅವರಿಗೆ ನೆಲ ಹೇಗಿದ್ದರೂ ನಡೆಯುತ್ತದೆ. ಅಮೆರಿಕದ ಯುಟಾ ರಾಜ್ಯದ ನ್ಯಾಚುರಲ್ ಬ್ರಿಜಸ್ ಅನ್ನುವ ಪಾರ್ಕ್ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್, ಅಂದರೆ ರಾತ್ರಿಯ ಕತ್ತಲೆಯನ್ನು ದೀಪದ ಬೆಳಕಿನಿಂದ ಕಾಪಾಡುವ ಪಾರ್ಕ್ ಆಯಿತು. ಈಗ ಇಂಥವು ಬೇರೆ ಬೇರೆ ದೇಶಗಳಲ್ಲಿ ಇವೆ. ಆದರೆ ಎಂಥ ಕತ್ತಲೆಯ ಪಾರ್ಕಿಗೂ ಹುಣ್ಣಿಮೆ ದಿನ ಹೋದರೆ ಆಕಾಶಗಂಗೆ ಕಾಣುವುದಿಲ್ಲ. ಬುಕಿಂಗ್ ಮಾಡುವ ಮೊದಲು ಅಮಾವಾಸ್ಯೆ ಎಂದು ಅಂತ ನೋಡಿ, ಅಷ್ಟೇ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಯಾರೋ ಒಬ್ಬರು ಮೊಬೈಲ್ ತೆಗೆದರೆ ಮತ್ತೆ ಮೊದಲಿಂದ.

ಊಟದ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಟೆಂಟಿನೊಳಗೆ ತಿನ್ನುವ ಪದಾರ್ಥ ಇಡಬೇಡಿ. ಅಮೆರಿಕದ ಯೆಲ್ಲೊಸ್ಟೋನ್ ಪಾರ್ಕಿನಲ್ಲಿ ಒಂದು ಕಾಲದಲ್ಲಿ ಕರಡಿಗಳು ಕಸದ ಗುಂಡಿಗೆ ಬಂದು ತಿನ್ನುವುದನ್ನು ನೋಡಲು ಜನ ಸಾಲಾಗಿ ಕೂರುತ್ತಿದ್ದರು. ಕೊನೆಯ ಗುಂಡಿ ಮುಚ್ಚಿದ್ದು 1970ರಲ್ಲಿ. ಮನುಷ್ಯ ಅಂದರೆ ಊಟ ಅಂತ ಕಲಿತ ಕರಡಿಗಳ ಗತಿ ಆಮೇಲೆ ಚೆನ್ನಾಗಿರಲಿಲ್ಲ. ಕರಡಿ ಇಲ್ಲದ ಕಡೆ ಇಲಿ ಇರುತ್ತದೆ. ಒಂದು ಬಿಸ್ಕತ್ತಿಗಾಗಿ ಅದು ನನ್ನ ಹೊಸ ಟೆಂಟಿಗೆ ಮಾಡಿದ ತೂತು ನಾಣ್ಯದಷ್ಟು ಅಗಲ ಇದೆ, ಈಗಲೂ ತೇಪೆ ಹಾಕಿಕೊಂಡೇ ಓಡಾಡುತ್ತಿದ್ದೇನೆ. ಸೌದೆಯನ್ನೂ ದೂರದಿಂದ ಹೊತ್ತುಕೊಂಡು ಹೋಗಬೇಡಿ. ಅಮೆರಿಕದ ಮಿಶಿಗನ್‌ನಲ್ಲಿ 2002ರಲ್ಲಿ ಪತ್ತೆಯಾದ ಆ್ಯಶ್ ಮರ ಕೊರೆಯುವ ದುಂಬಿ ಅಷ್ಟು ಬೇಗ ದೂರದೂರ ಹರಡಿದ್ದಕ್ಕೆ ಕ್ಯಾಂಪಿಗೆ ಹೋಗುವವರ ಸೌದೆಯೂ ಒಂದು ಕಾರಣ.

ನಾನು ಹೆಸರು ಹೇಳಲು ಹಿಂಜರಿಯುವುದಕ್ಕೆ ಇನ್ನೊಂದು ಕಾರಣ ಇದೆ. ಸ್ವೀಡನ್‌ನಲ್ಲಿ ಯಾರು ಬೇಕಾದರೂ ಕಾಡುಮೇಡಿನಲ್ಲಿ ಓಡಾಡಿ, ಮನೆಗಳಿಂದ ದೂರದಲ್ಲಿ ಒಂದೆರಡು ರಾತ್ರಿ ಟೆಂಟ್ ಹಾಕಬಹುದು. ಬೇರೆಯವರ ಜಮೀನಾದರೂ ಸರಿ. ಸ್ಕಾಟ್ಲೆಂಡ್‌ನಲ್ಲೂ 2003ರ ಕಾಯಿದೆ ಇಂಥದ್ದೇ ಹಕ್ಕು ಕೊಟ್ಟಿದೆ. ಆದರೆ ಅಲ್ಲಿನ ಲೋಮಂಡ್ ಸರೋವರ ದೊಡ್ಡ ಊರಿಗೆ ಹತ್ತಿರ. ಎಲ್ಲರೂ ಎಲ್ಲರಿಗೂ ಹೇಳಿದರು. ದಡದ ತುಂಬ ಟೆಂಟು, ಸುಟ್ಟ ನೆಲ, ಕಡಿದ ಮರ, ಬಿಟ್ಟುಹೋದ ಕಸ. 2017ರಿಂದ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಡಗಳ ಹಲವು ಕಡೆ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಆ ಸುದ್ದಿ ಓದಿದಾಗಿನಿಂದ ನಾನು ಊರಿಗೆಲ್ಲ ಸಾರುವುದನ್ನು ಬಿಟ್ಟೆ. ಗೊತ್ತಿರುವವರು ಕೇಳಿದರೆ ಹೇಳುತ್ತೇನೆ, ಅದೂ ನಾನು ನಾಲ್ಕು ಪ್ರಶ್ನೆ ಕೇಳಿದ ಮೇಲೆ. ಇದು ಸ್ವಾರ್ಥ ಅಂದರೂ ಒಪ್ಪಿಕೊಳ್ಳುತ್ತೇನೆ.

ಹೋದ ಚಳಿಗಾಲದ ಶುರುವಿನಲ್ಲಿ ಅದೇ ಗೆಳೆಯ ಮತ್ತೆ ಕೇಳಿದ. ಮಕ್ಕಳು ಹಟ ಹಿಡಿದಿದ್ದರಂತೆ. ಯಾವ ವಾರ ಹೋಗ್ತೀಯ, ವಾರದ ಮಧ್ಯೆ ರಜೆ ಸಿಗುತ್ತಾ, ಟೆಂಟಿನಿಂದ ಶೌಚಾಲಯ ಎಷ್ಟು ದೂರ ಇದ್ದರೆ ನಡೆಯುತ್ತೆ, ರಾತ್ರಿ ನಿಶ್ಶಬ್ದ ಬೇಕಾ, ಅಥವಾ ಜನ ಹತ್ತಿರ ಇದ್ದರೆ ಧೈರ್ಯವಾ ಅಂತ ಒಂದೊಂದಾಗಿ ಕೇಳಿದೆ.

"ಇದೇನೋ, ಕೆಲಸಕ್ಕೆ ಇಂಟರ್‌ವ್ಯೂ ಥರ?" ಅಂದ.

"ಉತ್ತರ ಹೇಳು."

ಹೇಳಿದ. ನಾನು ಅವನನ್ನು ಅದೇ ಕೆರೆ ಪಕ್ಕದ ಪಾರ್ಕಿಗೇ ಕಳಿಸಿದೆ. ಹೆಸರು ಕೇಳಿ ಫೋನಿನಲ್ಲೇ ಬೈದ. ಬುಧವಾರ ಹೋಗು, 22ನೇ ನಂಬರ್ ತಗೋ, ಬಾಟಲಿ ಮರೀಬೇಡ ಅಂದೆ.

ಬುಧವಾರ ಸಂಜೆ ಒಂದು ಫೋಟೊ ಬಂತು. ಕೆರೆ ಇಲ್ಲ, ಬೆಟ್ಟ ಇಲ್ಲ, ಮಕ್ಕಳೂ ಇಲ್ಲ. ನೀಲಿ ನೆಲಹಾಸಿನ ಮೇಲೆ ಅಡ್ಡ ಮಲಗಿದ ಒಂದು ನೀರಿನ ಬಾಟಲಿ. ಕೆಳಗೆ ಒಂದೇ ಮಾತು: "ಉರುಳ್ತಿಲ್ಲ."